ಯಾಕೋಬನ ಪತ್ರಿಕೆ

ಯಾಕೋಬನ ಪತ್ರಿಕೆಯು ಕ್ರೈಸ್ತರ ಧರ್ಮಗ್ರಂಥವಾದ ಬೈಬಲ್‌ನ ಹೊಸ ಒಡಂಬಡಿಕೆಗೆ ಸೇರಿದ ಒಂದು ಕಿರುಗ್ರಂಥ. ಗ್ರೀಕ್ ಭಾಷೆಯಲ್ಲಿ ರಚಿತವಾದ ಇದರಲ್ಲಿ 5 ಅಧ್ಯಾಯಗಳೂ 108 ವಚನಗಳೂ ಇವೆ. ದೇವರ ವಾಕ್ಯವನ್ನು ಕೇಳಿದವರು ಅದರಂತೆ ನಡೆಯಬೇಕು, ನಡತೆಯಲ್ಲಿ ಕಾಣಿಸಿಕೊಳ್ಳದ ನಂಬಿಕೆಯು ಜೀವವಿಲ್ಲದ್ದು ಎಂಬುದು ಇದರ ಮುಖ್ಯ ಪ್ರತಿಪಾದನೆ. ನಾಲಿಗೆಯ ಹತೋಟಿ, ಬಡವರ ವಿಷಯದಲ್ಲಿ ಪಕ್ಷಪಾತ, ಕೂಲಿಯವರ ಸಂಬಳ, ರೋಗಿಗಳ ಆರೈಕೆ, ಆಣೆಯಿಡುವುದು, ನಾಳೆಯ ಕುರಿತ ಯೋಜನೆ ಮುಂತಾದ ನಿತ್ಯಜೀವನದ ಸಂಗತಿಗಳನ್ನು ಇಷ್ಟು ನೇರವಾಗಿ ಚರ್ಚಿಸುವ ಮತ್ತೊಂದು ಪತ್ರವು ಹೊಸ ಒಡಂಬಡಿಕೆಯಲ್ಲಿಲ್ಲ. ನಂಬಿಕೆ ಮತ್ತು ಕ್ರಿಯೆಗಳ ಸಂಬಂಧವನ್ನು ಕುರಿತ ಇದರ 2ನೇ ಅಧ್ಯಾಯವು 16ನೇ ಶತಮಾನದ ಮತಸುಧಾರಣೆಯ ಕಾಲದಲ್ಲಿ ತೀವ್ರ ವಿವಾದಕ್ಕೆ ಕಾರಣವಾಯಿತು.

ಹೆಸರು ಮತ್ತು ಸ್ಥಾನ

ಇಲ್ಲಿ 'ಪತ್ರಿಕೆ' ಎಂಬುದು ಕಾಗದ ಅಥವಾ ಓಲೆ ಎಂಬ ಹಳೆಯ ಅರ್ಥದಲ್ಲಿ ಬಳಕೆಯಾಗಿದೆ. ಇಂದಿನ ಓದುಗರಿಗೆ ಪರಿಚಿತವಾದ ವೃತ್ತಪತ್ರಿಕೆಗೂ ಇದಕ್ಕೂ ಸಂಬಂಧವಿಲ್ಲ. ಯಾಕೋಬ, 1 ಮತ್ತು 2 ಪೇತ್ರ, 1, 2 ಮತ್ತು 3 ಯೋಹಾನ ಹಾಗೂ ಯೂದ ಎಂಬ ಏಳು ಪತ್ರಿಕೆಗಳನ್ನು ಒಟ್ಟಾಗಿ 'ಸಾಮಾನ್ಯ ಪತ್ರಿಕೆಗಳು' ಎಂದು ಕರೆಯುವ ವಾಡಿಕೆಯಿದೆ. ಪೌಲನ ಪತ್ರಿಕೆಗಳಂತೆ ಇವುಗಳಲ್ಲಿ ಹೆಚ್ಚಿನವು ಒಂದು ನಿರ್ದಿಷ್ಟ ಊರಿನ ಸಭೆಗೆ ಬರೆದವುಗಳಲ್ಲವಾದ್ದರಿಂದ ಈ ಹೆಸರು ಬಂದಿದೆ. ಯಾಕೋಬನ ಪತ್ರಿಕೆಯ ಒಕ್ಕಣೆಯು ಚದರಿಹೋಗಿರುವ ಹನ್ನೆರಡು ಕುಲದವರನ್ನು ಸಂಬೋಧಿಸುತ್ತದೆ. ಇದು ಪ್ಯಾಲೆಸ್ಟೈನಿನ ಹೊರಗೆ ನೆಲೆಸಿದ್ದ ಯೆಹೂದಿ ಮೂಲದ ಕ್ರೈಸ್ತರನ್ನು ಸೂಚಿಸುತ್ತದೆಂದು ಹಲವರ ಮತ. ಕ್ರೈಸ್ತರೆಲ್ಲರನ್ನೂ ಹೊಸ ಇಸ್ರಾಯೇಲ್ ಎಂದು ಭಾವಿಸಿ ಹೀಗೆ ಹೇಳಲಾಗಿದೆ ಎಂಬ ಅಭಿಪ್ರಾಯವೂ ಇದೆ.

ಗ್ರೀಕ್ ಮೂಲದಲ್ಲಿ ಲೇಖಕನ ಹೆಸರು ಹಳೆಯ ಒಡಂಬಡಿಕೆಯ ಪಿತೃ ಯಾಕೋಬನ ಹೆಸರೇ ಆಗಿದೆ. ಇಂಗ್ಲಿಷಿನಲ್ಲಿ ಒಬ್ಬನು ಜೇಕಬ್, ಇನ್ನೊಬ್ಬನು ಜೇಮ್ಸ್ ಎಂದಾಗಿ ಈ ನಂಟು ಮರೆಯಾಗಿದೆ. ಕನ್ನಡ ಬೈಬಲ್‌ನಲ್ಲಿ ಎರಡೂ ಕಡೆ ಒಂದೇ ಹೆಸರು ಉಳಿದಿರುವುದರಿಂದ, ಹನ್ನೆರಡು ಕುಲಗಳ ಮೂಲಪುರುಷನ ಹೆಸರಿನವನೊಬ್ಬನು ಹನ್ನೆರಡು ಕುಲಗಳಿಗೆ ಬರೆಯುತ್ತಿದ್ದಾನೆ ಎಂಬ ಧ್ವನಿಯು ಕನ್ನಡದ ಓದುಗನಿಗೆ ಸುಲಭವಾಗಿ ತಿಳಿಯುತ್ತದೆ.

ಕರ್ತೃತ್ವ ಮತ್ತು ಕಾಲ

ಲೇಖಕನು ತನ್ನನ್ನು ದೇವರಿಗೂ ಕರ್ತನಾದ ಯೇಸು ಕ್ರಿಸ್ತನಿಗೂ ದಾಸನೆಂದಷ್ಟೇ ಪರಿಚಯಿಸಿಕೊಳ್ಳುತ್ತಾನೆ. ಹೊಸ ಒಡಂಬಡಿಕೆಯಲ್ಲಿ ಯಾಕೋಬನೆಂಬ ಹೆಸರಿನವರು ಹಲವರಿದ್ದಾರೆ. ಜೆಬೆದಾಯನ ಮಗನಾದ ಅಪೊಸ್ತಲ ಯಾಕೋಬನು ಹೆರೋದ ಅಗ್ರಿಪ್ಪನ ಆಳ್ವಿಕೆಯಲ್ಲಿ, ಸುಮಾರು ಕ್ರಿ.ಶ. 44ರಲ್ಲಿ, ಕೊಲ್ಲಲ್ಪಟ್ಟದ್ದರಿಂದ ಅವನನ್ನು ಲೇಖಕನೆಂದು ಪರಿಗಣಿಸುವವರು ವಿರಳ. ಸಂಪ್ರದಾಯವು ಈ ಪತ್ರಿಕೆಯನ್ನು 'ಕರ್ತನ ಸಹೋದರ'ನೆಂದು ಖ್ಯಾತನಾದ, ಯೆರೂಸಲೇಮಿನ ಸಭೆಯ ಹಿರಿಯನಾದ ಯಾಕೋಬನದೆಂದು ಹೇಳುತ್ತದೆ. ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಇವನನ್ನು ಸಭೆಯ ಸ್ತಂಭಗಳಲ್ಲಿ ಒಬ್ಬನೆಂದು ಎಣಿಸಿದ್ದಾನೆ. ಅಪೊಸ್ತಲರ ಕೃತ್ಯಗಳು 15ನೇ ಅಧ್ಯಾಯದ ಪ್ರಕಾರ, ಅನ್ಯಜನರಿಂದ ಬಂದ ವಿಶ್ವಾಸಿಗಳಿಗೆ ಸುನ್ನತಿ ಅಗತ್ಯವೇ ಎಂಬ ಪ್ರಶ್ನೆಯನ್ನು ಚರ್ಚಿಸಿದ ಯೆರೂಸಲೇಮಿನ ಸಮಾಲೋಚನೆಯಲ್ಲಿ ತೀರ್ಮಾನದ ಮಾತನ್ನಾಡಿದವನೂ ಇವನೇ. ಯೆಹೂದಿ ಇತಿಹಾಸಕಾರ ಜೋಸೆಫಸ್ ದಾಖಲಿಸಿರುವಂತೆ, ಕ್ರಿ.ಶ. 62ರಲ್ಲಿ ರೋಮನ್ ಅಧಿಕಾರಿ ಫೆಸ್ತನು ತೀರಿಕೊಂಡು ಮುಂದಿನವನು ಬಂದು ಸೇರುವ ಮುನ್ನ, ಮಹಾಯಾಜಕ ಅನಾನನು ಯಾಕೋಬನನ್ನು ಕಲ್ಲೆಸೆದು ಕೊಲ್ಲಿಸಿದನು. ಪ್ರಾರ್ಥನೆಯಲ್ಲಿ ಮೊಣಕಾಲೂರಿ ಊರಿ ಅವನ ಮೊಣಕಾಲುಗಳು ಒಂಟೆಯ ಮೊಣಕಾಲಿನಂತೆ ಗಡುಸಾಗಿದ್ದವೆಂಬ ಐತಿಹ್ಯವನ್ನು 2ನೇ ಶತಮಾನದ ಹೆಗೆಸಿಪ್ಪಸ್ ಹೇಳಿದ್ದಾರೆ. ಇದು ಯೂಸೀಬಿಯಸ್ ಅವರ ಸಭಾಚರಿತ್ರೆಯಲ್ಲಿ ಉಳಿದುಬಂದಿದೆ.

'ಸಹೋದರ' ಎಂಬ ಪದದ ಅರ್ಥದಲ್ಲಿ ಸಭೆಗಳ ನಡುವೆ ಭಿನ್ನಾಭಿಪ್ರಾಯವಿದೆ. ಜೆರೋಮ್ ಅವರನ್ನು ಅನುಸರಿಸುವ ಕ್ಯಾಥೋಲಿಕ್ ಸಂಪ್ರದಾಯವು ಇವನನ್ನು ಯೇಸುವಿನ ಹತ್ತಿರದ ಬಂಧು ಎಂದೂ, ಪೂರ್ವದ ಆರ್ಥೊಡಾಕ್ಸ್ ಸಂಪ್ರದಾಯವು ಯೋಸೇಫನ ಮೊದಲ ಮದುವೆಯ ಮಗನೆಂದೂ, ಪ್ರಾಟೆಸ್ಟಂಟರಲ್ಲಿ ಬಹುಪಾಲು ಜನ ಒಡಹುಟ್ಟಿದ ತಮ್ಮನೆಂದೂ ತಿಳಿಯುತ್ತಾರೆ.

ಪತ್ರಿಕೆಯ ಗ್ರೀಕ್ ಭಾಷೆಯು ಹೊಸ ಒಡಂಬಡಿಕೆಯ ಉತ್ತಮ ಗ್ರೀಕ್ ಬರಹಗಳಲ್ಲಿ ಒಂದು. ಗಲಿಲಾಯದ ಬಡಗಿಯ ಮನೆಯಲ್ಲಿ ಬೆಳೆದವನೊಬ್ಬನು ಇಂಥ ಗ್ರೀಕನ್ನು ಬರೆಯಬಲ್ಲನೇ ಎಂಬುದು ಸಾಂಪ್ರದಾಯಿಕ ಅಭಿಪ್ರಾಯವನ್ನು ಒಪ್ಪದವರ ಮುಖ್ಯ ಪ್ರಶ್ನೆ. ಇವರು ಪತ್ರಿಕೆಯ ಕಾಲವನ್ನು 1ನೇ ಶತಮಾನದ ಕೊನೆಯ ದಶಕಗಳಿಗೆ ತಳ್ಳುತ್ತಾರೆ. ಗಲಿಲಾಯದಲ್ಲಿ ಗ್ರೀಕ್ ಬಳಕೆಯಲ್ಲಿತ್ತು, ಲಿಪಿಕಾರರ ನೆರವು ಪಡೆಯುವುದು ಆಗ ಸಾಮಾನ್ಯವಾಗಿತ್ತು ಎಂಬುದು ಇನ್ನೊಂದು ಪಕ್ಷದ ಉತ್ತರ. ಅನ್ಯಜನರ ಸುನ್ನತಿಯಂಥ ಆ ಕಾಲದ ಜಗಳಗಳ ಸುಳಿವೇ ಪತ್ರಿಕೆಯಲ್ಲಿಲ್ಲದಿರುವುದು, ಕ್ರೈಸ್ತರ ಕೂಟವನ್ನು ಒಂದು ಕಡೆ (2:2) 'ಸಿನಗಾಗ್' ಎಂಬ ಯೆಹೂದಿ ಪದದಿಂದಲೇ ಕರೆದಿರುವುದು, ಮುಂಗಾರು ಹಿಂಗಾರು ಮಳೆಗಳಿಗಾಗಿ ಕಾಯುವ ಪ್ಯಾಲೆಸ್ಟೈನಿನ ರೈತನ ಚಿತ್ರಣ (5:7) ಇವುಗಳನ್ನು ಪ್ರಾಚೀನತೆಗೆ ಸಾಕ್ಷಿಯಾಗಿ ಒಡ್ಡಲಾಗುತ್ತದೆ. ಆ ಸೀಮೆಯಲ್ಲಿ ಮೊದಲ ಮಳೆ ಬಿತ್ತನೆಯ ಹೊತ್ತಿಗೆ, ಅಂದರೆ ಅಕ್ಟೋಬರ್-ನವೆಂಬರ್ ಸುಮಾರಿಗೆ ಬರುತ್ತದೆ. ಕೊನೆಯ ಮಳೆ ಮಾರ್ಚ್-ಏಪ್ರಿಲ್‌ನಲ್ಲಿ ತೆನೆ ಬಲಿಯುವಾಗ ಬೀಳುತ್ತದೆ. ನೈಋತ್ಯ ಮಾನ್ಸೂನಿನ ನಾಡಿನವರು ಮುಂಗಾರು ಎಂಬ ಮಾತನ್ನು ಓದುವಾಗ ಈ ವ್ಯತ್ಯಾಸವನ್ನು ಗಮನದಲ್ಲಿಡಬೇಕಾಗುತ್ತದೆ.

ರೂಪ ಮತ್ತು ಶೈಲಿ

ಆರಂಭದ ಒಂದು ವಚನವನ್ನು ಬಿಟ್ಟರೆ ಇದರಲ್ಲಿ ಪತ್ರದ ಲಕ್ಷಣಗಳು ಕಡಿಮೆ. ಕೊನೆಯಲ್ಲಿ ವಂದನೆಗಳಾಗಲಿ ವ್ಯಕ್ತಿಗಳ ಹೆಸರುಗಳಾಗಲಿ ಇಲ್ಲ. 108 ವಚನಗಳಲ್ಲಿ ಐವತ್ತಕ್ಕೂ ಹೆಚ್ಚು ವಿಧ್ಯರ್ಥಕ ಕ್ರಿಯಾಪದಗಳಿವೆ. ಅಂದರೆ ಸರಾಸರಿ ಎರಡು ವಚನಗಳಿಗೊಂದು ಆಜ್ಞೆ. ಜರ್ಮನ್ ವಿದ್ವಾಂಸ ಮಾರ್ಟಿನ್ ಡಿಬೇಲಿಯಸ್ 1921ರಲ್ಲಿ ಪ್ರಕಟಿಸಿದ ವ್ಯಾಖ್ಯಾನದಲ್ಲಿ ಇದನ್ನು ಒಂದಕ್ಕೊಂದು ಸಡಿಲವಾಗಿ ಪೋಣಿಸಿದ ನೀತಿವಾಕ್ಯಗಳ ಮಾಲೆಯೆಂದು ವಿವರಿಸಿದರು. ಹಿಂದಿನ ವಾಕ್ಯದ ಕೊನೆಯ ಪದವು ಮುಂದಿನ ವಾಕ್ಯಕ್ಕೆ ಕೊಂಡಿಯಾಗುವುದಷ್ಟೇ ಅದರ ಬಂಧ ಎಂದು ಅವರ ವಾದ. ಈಚಿನ ವಿದ್ವಾಂಸರು ಇದನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಮೊದಲ ಅಧ್ಯಾಯದಲ್ಲಿ ಚುಟುಕಾಗಿ ಪ್ರಸ್ತಾಪವಾದ ಪರೀಕ್ಷೆ, ವಿವೇಕ, ಐಶ್ವರ್ಯ, ನಾಲಿಗೆ, ಪ್ರಾರ್ಥನೆ ಎಂಬ ವಿಷಯಗಳೇ ಮುಂದೆ ವಿಸ್ತಾರಗೊಳ್ಳುವುದನ್ನು ಅವರು ತೋರಿಸುತ್ತಾರೆ. ಪತ್ರಿಕೆಯನ್ನು ಒಂದೇ ಸಲಕ್ಕೆ ಆದಿಯಿಂದ ಅಂತ್ಯದವರೆಗೆ ಓದಿದವರಿಗೆ ಎರಡನೆಯ ಅಭಿಪ್ರಾಯವೇ ಹೆಚ್ಚು ಸರಿಯೆನಿಸುತ್ತದೆ.

ಯೇಸುವಿನ ಹೆಸರು ಇಡೀ ಪತ್ರಿಕೆಯಲ್ಲಿ ಎರಡೇ ಕಡೆ (1:1, 2:1) ಬರುತ್ತದೆ. ಶಿಲುಬೆಯ ಮರಣವಾಗಲಿ ಪುನರುತ್ಥಾನವಾಗಲಿ ಉಲ್ಲೇಖಗೊಂಡಿಲ್ಲ. ಆದರೆ ಯೇಸುವಿನ ಮಾತುಗಳ ಪ್ರತಿಧ್ವನಿಯು ಎಲ್ಲೆಡೆ ಕೇಳಿಸುತ್ತದೆ. ಬಡವರು ರಾಜ್ಯಕ್ಕೆ ಬಾಧ್ಯರು, ಆಣೆಯಿಡಬಾರದು, ಸಂಪತ್ತಿಗೆ ನುಸಿ ಹಿಡಿಯುತ್ತದೆ, ಇನ್ನೊಬ್ಬರ ಮೇಲೆ ತೀರ್ಪು ಕೊಡಬಾರದು, ಕೇಳಿ ಅದರಂತೆ ನಡೆಯಬೇಕು ಎಂಬ ಬೋಧನೆಗಳು ಮತ್ತಾಯನ ಸುವಾರ್ತೆಯ 5ರಿಂದ 7ನೇ ಅಧ್ಯಾಯಗಳಲ್ಲಿರುವ ಪರ್ವತಪ್ರಸಂಗಕ್ಕೆ ಬಹಳ ಹತ್ತಿರವಾಗಿವೆ. ಆದರೂ ಯಾಕೋಬನು ಇವನ್ನು ಯೇಸುವಿನ ಉದ್ಧರಣೆಗಳೆಂದು ಹೇಳುವುದಿಲ್ಲ. ಹಳೆಯ ಒಡಂಬಡಿಕೆಯ ಯಾಜಕಕಾಂಡ 19ನೇ ಅಧ್ಯಾಯ ಮತ್ತು ಜ್ಞಾನೋಕ್ತಿಗಳ ಪ್ರಭಾವವೂ ಸ್ಪಷ್ಟವಾಗಿದೆ.

ಬೋಧನೆ

ಕೇಳುವುದು ಮತ್ತು ನಡೆಯುವುದು

ಮೊದಲ ಅಧ್ಯಾಯದ 22ರಿಂದ 25ರವರೆಗಿನ ವಚನಗಳು ಧರ್ಮಗ್ರಂಥದ ಓದನ್ನು ಕುರಿತು ಕ್ರೈಸ್ತ ಪರಂಪರೆಯಲ್ಲಿ ಅತಿ ಹೆಚ್ಚು ಧ್ಯಾನಿಸಲಾದ ಭಾಗಗಳಲ್ಲಿ ಸೇರಿವೆ. ವಾಕ್ಯವನ್ನು ಕೇವಲ ಕೇಳಿ ತೃಪ್ತನಾಗುವವನು ತನ್ನನ್ನು ತಾನೇ ವಂಚಿಸಿಕೊಳ್ಳುತ್ತಾನೆ. ಅವನು ಕನ್ನಡಿಯಲ್ಲಿ ಮುಖ ನೋಡಿಕೊಂಡು, ಅಲ್ಲಿಂದ ಹೊರಟ ಕೂಡಲೆ ತಾನು ಹೇಗಿದ್ದೇನೆಂಬುದನ್ನು ಮರೆತವನಂತೆ ಎಂದು ಯಾಕೋಬನು ಹೋಲಿಸುತ್ತಾನೆ. ಅಂದಿನ ಕನ್ನಡಿಗಳು ಉಜ್ಜಿ ನುಣುಪು ಮಾಡಿದ ಲೋಹದವು. ಅವುಗಳಲ್ಲಿ ಮುಖ ಕಾಣಬೇಕಾದರೆ ಬಗ್ಗಿ ಗಮನವಿಟ್ಟು ನೋಡಬೇಕಿತ್ತು. ನಿಯಮವನ್ನು 'ಲಕ್ಷ್ಯವಿಟ್ಟು ನೋಡುವ' ಮನುಷ್ಯನನ್ನು ಕುರಿತು ಮುಂದೆ ಬಳಸಿದ ಗ್ರೀಕ್ ಕ್ರಿಯಾಪದಕ್ಕೆ ಬಗ್ಗಿ ನೋಡುವುದೆಂಬ ಅರ್ಥವೇ ಇದೆ. ಖಾಲಿ ಸಮಾಧಿಯೊಳಗೆ ಬಗ್ಗಿ ನೋಡಿದ ಶಿಷ್ಯನ ಬಗ್ಗೆ ಯೋಹಾನನ ಸುವಾರ್ತೆಯಲ್ಲಿ ಬಂದಿರುವುದೂ ಇದೇ ಪದ. ಈ ಭಾಗವು ಓದನ್ನು ಹಗುರವಾಗಿ ಕಾಣುವುದಿಲ್ಲ. ಓದು ಎಲ್ಲಿ ನಿಂತುಬಿಡುತ್ತದೆ ಎಂಬುದೇ ಅದರ ಆಕ್ಷೇಪ. ಅಧ್ಯಾಯದ ಕೊನೆಗೆ ಶುದ್ಧವಾದ ಭಕ್ತಿಯ ಗುರುತಾಗಿ ಅನಾಥರನ್ನೂ ವಿಧವೆಯರನ್ನೂ ಅವರ ಸಂಕಟದಲ್ಲಿ ಸಂಧಿಸುವುದನ್ನು ಹೇಳಲಾಗಿದೆ.

ಇದರ ವಿರುದ್ಧ ಸ್ಥಿತಿಗೆ ಯಾಕೋಬನು ಬಳಸುವ ಪದಕ್ಕೆ ಅಕ್ಷರಶಃ 'ಎರಡು ಮನಸ್ಸಿನವನು' ಎಂದರ್ಥ (1:8, 4:8). ಈ ಪದವು ಇದಕ್ಕೂ ಹಿಂದಿನ ಗ್ರೀಕ್ ಬರಹಗಳಲ್ಲಿ ಸಿಕ್ಕಿಲ್ಲವಾದ್ದರಿಂದ ಯಾಕೋಬನೇ ಟಂಕಿಸಿರಬಹುದೆಂದು ಊಹಿಸಲಾಗಿದೆ.

ಪಕ್ಷಪಾತ

2ನೇ ಅಧ್ಯಾಯವು ಒಂದು ದೃಶ್ಯದಿಂದ ಆರಂಭವಾಗುತ್ತದೆ. ಸಭೆ ಕೂಡಿರುವಾಗ ಚಿನ್ನದ ಉಂಗುರ ಧರಿಸಿ ಹೊಳೆಯುವ ಬಟ್ಟೆ ತೊಟ್ಟ ಒಬ್ಬನೂ ಕೊಳಕು ಬಟ್ಟೆಯ ಬಡವನೊಬ್ಬನೂ ಒಳಗೆ ಬರುತ್ತಾರೆ. ಮೊದಲನೆಯವನಿಗೆ ಒಳ್ಳೆಯ ಆಸನ ದೊರೆಯುತ್ತದೆ. ಎರಡನೆಯವನಿಗೆ ನಿಂತಿರಲು ಅಥವಾ ಕಾಲ ಬಳಿ ಕುಳಿತುಕೊಳ್ಳಲು ಹೇಳಲಾಗುತ್ತದೆ. ಇದನ್ನು ಲೇಖಕನು ಬರಿಯ ಅಸಭ್ಯತೆಯೆಂದು ಬಿಡುವುದಿಲ್ಲ. ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕೆಂಬ ಯಾಜಕಕಾಂಡದ ಆಜ್ಞೆಯನ್ನು 'ರಾಜಾಜ್ಞೆ'ಯೆಂದು ಕರೆದು, ಪಕ್ಷಪಾತವು ಆ ಆಜ್ಞೆಯ ಉಲ್ಲಂಘನೆ ಎಂದು ತೀರ್ಮಾನಿಸುತ್ತಾನೆ. ಧರ್ಮಶಾಸ್ತ್ರದಲ್ಲಿ ಒಂದನ್ನು ಮೀರಿದವನು ಎಲ್ಲವನ್ನೂ ಮೀರಿದಂತೆ ಎಂಬ ಕಟುವಾದ ಮಾತೂ (2:10) ಇದೇ ಸಂದರ್ಭದಲ್ಲಿ ಬರುತ್ತದೆ. ಈ ವಚನದ ಅರ್ಥವೇನೆಂದು ಅಗಸ್ಟೀನ್ ಅವರು ಕ್ರಿ.ಶ. 415ರಲ್ಲಿ ಜೆರೋಮ್ ಅವರಿಗೆ ಒಂದು ದೀರ್ಘ ಪತ್ರವನ್ನೇ ಬರೆದರು. ಎಲ್ಲ ಆಜ್ಞೆಗಳೂ ಪ್ರೀತಿಯಲ್ಲಿ ನೆಲೆಗೊಂಡಿರುವುದರಿಂದ, ಪ್ರೀತಿಗೆ ವಿರುದ್ಧವಾಗಿ ನಡೆದವನು ಎಲ್ಲಕ್ಕೂ ಬುಡವಾದುದನ್ನೇ ಮುರಿದಂತೆ ಎಂಬುದು ಅಲ್ಲಿ ಅವರು ಮುಂದಿಟ್ಟ ವಿವರಣೆ.

ದಕ್ಷಿಣ ಭಾರತದ ಕ್ರೈಸ್ತ ಚರಿತ್ರೆಯಲ್ಲಿ ಈ ಭಾಗಕ್ಕೆ ಬೇರೆಯೇ ತೂಕವಿದೆ. ಆಸನದ ಪ್ರಶ್ನೆ ಇಲ್ಲಿ ಧನದ್ದಾಗಿರದೆ ಜಾತಿಯದ್ದಾಗಿತ್ತು. 19ನೇ ಶತಮಾನದ ಅನೇಕ ದೇವಾಲಯಗಳಲ್ಲಿ ಜಾತಿಗೊಂದರಂತೆ ಕುಳಿತುಕೊಳ್ಳುವ ಜಾಗಗಳು ಬೇರೆಯಾಗಿದ್ದವು. ತಮಿಳುನಾಡಿನ ವಡಕ್ಕನ್‌ಕುಳಂನಲ್ಲಿ ದೇವಾಲಯದ ಒಳಗೇ ಎರಡು ಸಮುದಾಯಗಳ ನಡುವೆ ಗೋಡೆ ನಿಂತಿತ್ತು. ಕಲ್ಕತ್ತೆಯ ಆಂಗ್ಲಿಕನ್ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಸಭೆಯೊಳಗಿನ ಜಾತಿಭೇದವನ್ನು ಕೂಡಲೆ ತ್ಯಜಿಸಬೇಕೆಂದು ಆದೇಶ ಹೊರಡಿಸಿದಾಗ ದಕ್ಷಿಣದ ಕೆಲವು ಸಭೆಗಳಲ್ಲಿ ದೊಡ್ಡ ಸಂಖ್ಯೆಯ ಸದಸ್ಯರು ಹೊರನಡೆದರು. ದಲಿತ ದೈವಶಾಸ್ತ್ರಕ್ಕೆ ಯಾಕೋಬನ ಈ ದೃಶ್ಯವು ದೂರದ ದೃಷ್ಟಾಂತವಲ್ಲ.

ನಂಬಿಕೆ ಮತ್ತು ಕ್ರಿಯೆ

ಪತ್ರಿಕೆಯ ಅತ್ಯಂತ ಪ್ರಸಿದ್ಧ ಭಾಗ 2:14-26. ಇಲ್ಲಿಯೂ ವಾದವು ಒಂದು ಸಣ್ಣ ಸನ್ನಿವೇಶದಿಂದ ಹುಟ್ಟುತ್ತದೆ. ಬಟ್ಟೆಯೂ ಅಂದಿನ ಊಟವೂ ಇಲ್ಲದ ಒಬ್ಬ ಸಹೋದರನಿಗೋ ಸಹೋದರಿಗೋ ಬೆಚ್ಚಗಿರಿ, ಹೊಟ್ಟೆ ತುಂಬಿಸಿಕೊಳ್ಳಿ ಎಂದು ಹರಸಿ ಏನನ್ನೂ ಕೊಡದೆ ಕಳುಹಿಸಿದರೆ ಪ್ರಯೋಜನವೇನು? ಕ್ರಿಯೆಯಿಲ್ಲದ ನಂಬಿಕೆಯೂ ಹಾಗೆಯೇ ಎನ್ನುತ್ತಾನೆ ಯಾಕೋಬ. ದೇವರು ಒಬ್ಬನೇ ಎಂದು ನಂಬುವುದು ಒಳ್ಳೆಯದೇ, ಆದರೆ ಅಷ್ಟನ್ನು ದೆವ್ವಗಳೂ ನಂಬಿ ನಡುಗುತ್ತವೆ ಎಂಬ ವ್ಯಂಗ್ಯವು ನಿತ್ಯವೂ ಏಕದೇವನ ಘೋಷಣೆಯನ್ನು ಪಠಿಸುತ್ತಿದ್ದ ಯೆಹೂದಿ ಓದುಗರಿಗೆ ಚುಚ್ಚುವಂತಿದ್ದಿರಬೇಕು. ಬಳಿಕ ಎರಡು ಉದಾಹರಣೆಗಳು ಬರುತ್ತವೆ. ಒಬ್ಬನು ಕುಲಪಿತನಾದ ಅಬ್ರಹಾಮ. ಇನ್ನೊಬ್ಬಳು ಯೆರಿಕೋ ಪಟ್ಟಣದ ವೇಶ್ಯೆ ರಾಹಾಬಳು. ಅವಳು ಇಸ್ರಾಯೇಲಿನ ಗೂಢಚಾರರನ್ನು ಬಚ್ಚಿಟ್ಟು ಬೇರೆ ದಾರಿಯಿಂದ ಕಳುಹಿಸಿದವಳು. ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿರುವುದು, ಪಕ್ಷಪಾತವನ್ನು ಆಗ ತಾನೇ ಖಂಡಿಸಿದ ಲೇಖಕನಿಗೆ ತಕ್ಕುದಾಗಿದೆ.

ಇದು ಪೌಲನ ಬೋಧನೆಗೆ ವಿರುದ್ಧವೇ ಎಂಬ ಪ್ರಶ್ನೆ ಹಳೆಯದು. ರೋಮಾಪುರದವರಿಗೆ ಬರೆದ ಪತ್ರಿಕೆಯ 4ನೇ ಅಧ್ಯಾಯದಲ್ಲಿ ಪೌಲನು ಆದಿಕಾಂಡ 15:6ನ್ನು ಆಧಾರವಾಗಿಟ್ಟು, ಅಬ್ರಹಾಮನು ನಂಬಿಕೆಯಿಂದಲೇ ನೀತಿವಂತನೆನಿಸಿಕೊಂಡನೆಂದು ವಾದಿಸುತ್ತಾನೆ. ಯಾಕೋಬನೂ ಅದೇ ವಚನವನ್ನು ಎತ್ತಿಕೊಳ್ಳುತ್ತಾನೆ. ಆದರೆ ಅಬ್ರಹಾಮನು ಮಗನನ್ನು ಯಜ್ಞವೇದಿಯ ಮೇಲಿಟ್ಟ ಆದಿಕಾಂಡ 22ರ ಪ್ರಸಂಗದೊಡನೆ ಅದನ್ನು ಜೋಡಿಸಿ, ಮನುಷ್ಯನು ಬರಿಯ ನಂಬಿಕೆಯಿಂದಲ್ಲ, ಕ್ರಿಯೆಗಳಿಂದ ನೀತಿವಂತನೆನಿಸುತ್ತಾನೆ ಎಂದು ಹೇಳುತ್ತಾನೆ. 'ನಂಬಿಕೆಯಿಂದ ಮಾತ್ರ' ಎಂಬ ಪದಪುಂಜವು ಹೊಸ ಒಡಂಬಡಿಕೆಯ ಗ್ರೀಕ್ ಪಠ್ಯದಲ್ಲಿ ಇರುವುದು ಇದೊಂದೇ ಕಡೆ, ಅದೂ ನಿಷೇಧದ ರೂಪದಲ್ಲಿ.

ಪದಗಳು ಒಂದೇ ಆದರೂ ಇಬ್ಬರೂ ಅವುಗಳನ್ನು ಬಳಸುವ ಬಗೆ ಬೇರೆ. ಪೌಲನು 'ಕ್ರಿಯೆ' ಎನ್ನುವಾಗ ಅವನ ಮನಸ್ಸಿನಲ್ಲಿರುವುದು ಸುನ್ನತಿಯೇ ಮೊದಲಾದ ಧರ್ಮಶಾಸ್ತ್ರದ ಕ್ರಿಯೆಗಳು, ಅವುಗಳನ್ನು ದೇವರೆದುರು ಅರ್ಹತೆಯಾಗಿ ಒಡ್ಡುವ ಪ್ರವೃತ್ತಿ. ಯಾಕೋಬನ 'ಕ್ರಿಯೆ' ಹಸಿದವನಿಗೆ ಅನ್ನ ಕೊಡುವುದು. ಪೌಲನ 'ನಂಬಿಕೆ' ಇಡೀ ಬಾಳನ್ನು ಒಪ್ಪಿಸಿಕೊಡುವ ಭರವಸೆ. ಯಾಕೋಬನು ಟೀಕಿಸುವ 'ನಂಬಿಕೆ' ದೆವ್ವಗಳಿಗೂ ಸಾಧ್ಯವಾದ ಬೌದ್ಧಿಕ ಒಪ್ಪಿಗೆ. ಪ್ರೀತಿಯ ಮೂಲಕ ಕೆಲಸ ನಡೆಸುವ ನಂಬಿಕೆಯೇ ಮುಖ್ಯವೆಂದು ಪೌಲನೂ ಗಲಾತ್ಯ 5:6ರಲ್ಲಿ ಹೇಳಿದ್ದಾನೆ. ಆದ್ದರಿಂದ ಇಬ್ಬರೂ ಎದುರಾಳಿಗಳಲ್ಲವೆಂಬುದು ಇಂದು ಹೆಚ್ಚಿನ ವ್ಯಾಖ್ಯಾನಕಾರರ ನಿಲುವು. ಆದರೂ ಯಾಕೋಬನ ವಾದದ ರೀತಿಯನ್ನು ನೋಡಿದರೆ, ಪೌಲನ ಮಾತನ್ನು ಅಪಾರ್ಥ ಮಾಡಿಕೊಂಡು ಸೋಮಾರಿತನಕ್ಕೆ ನೆಪ ಮಾಡಿಕೊಂಡ ಜನರು ಅವನ ಎದುರಿಗಿದ್ದಿರಬಹುದೆಂಬ ಊಹೆಯನ್ನು ಸುಲಭವಾಗಿ ತಳ್ಳಿಹಾಕಲಾಗದು.

ನಾಲಿಗೆ

3ನೇ ಅಧ್ಯಾಯವು ಬೋಧಕರಾಗಲು ಹಾತೊರೆಯುವವರಿಗೆ ಎಚ್ಚರಿಕೆ ಕೊಟ್ಟು ಆರಂಭವಾಗುತ್ತದೆ. ಇದನ್ನು ಮರೆತು ಮುಂದಿನ ವಚನಗಳನ್ನು ಸಾಮಾನ್ಯ ಸುಭಾಷಿತವೆಂಬಂತೆ ಓದುವ ರೂಢಿಯಿದೆ. ವಾಸ್ತವವಾಗಿ ಅದರ ಮೊದಲ ಗುರಿ ಉಪದೇಶ ಮಾಡುವವರೇ. ಕುದುರೆಯ ಕಡಿವಾಣ, ಹಡಗಿನ ಚುಕ್ಕಾಣಿ, ಕಾಡನ್ನು ಸುಡುವ ಕಿಡಿ ಎಂಬ ಮೂರು ಹೋಲಿಕೆಗಳು ಸಾಲಾಗಿ ಬರುತ್ತವೆ. ಇವು ಅಂದಿನ ಗ್ರೀಕ್ ನೀತಿಬೋಧಕರಲ್ಲಿ ಬಳಕೆಯಲ್ಲಿದ್ದ ಉಪಮೆಗಳೇ. ಒಂದೇ ಬಾಯಿಂದ ದೇವರ ಸ್ತುತಿಯೂ, ದೇವರ ಹೋಲಿಕೆಯಲ್ಲಿ ಉಂಟಾದ ಮನುಷ್ಯರ ಮೇಲೆ ಶಾಪವೂ ಹೊರಡುವುದು ಸಲ್ಲದು ಎಂಬ ವಾದವು ಮಾತ್ರ ಸೃಷ್ಟಿಯ ಕುರಿತ ಬೈಬಲ್‌ನ ಬೋಧನೆಯಿಂದ ಬಂದದ್ದು.

ಧನ, ಕೂಲಿ, ನಾಳೆ

4:13-17ರಲ್ಲಿ ವ್ಯಾಪಾರಿಗಳ ಮಾತು ಬರುತ್ತದೆ. ಇಂಥ ಊರಿಗೆ ಹೋಗಿ ಒಂದು ವರ್ಷವಿದ್ದು ಲಾಭ ಮಾಡೋಣವೆಂದು ಲೆಕ್ಕ ಹಾಕುವವರಿಗೆ, ಜೀವವು ತುಸು ಹೊತ್ತು ಕಾಣಿಸಿ ಮಾಯವಾಗುವ ಹಬೆಯಂತೆ ಎಂದು ನೆನಪಿಸಲಾಗುತ್ತದೆ. ಇದರಿಂದಲೇ ಕ್ರೈಸ್ತರಲ್ಲಿ ಮುಂದಿನ ಕಾರ್ಯಗಳನ್ನು ಹೇಳುವಾಗ 'ದೇವರ ಚಿತ್ತವಾದರೆ' ಎಂದು ಸೇರಿಸುವ ರೂಢಿ ಬಲಗೊಂಡಿತು. ಪಾಶ್ಚಾತ್ಯರು ಹಳೆಯ ಪತ್ರಗಳಲ್ಲಿ ಇದನ್ನು ಲ್ಯಾಟಿನ್‌ನಲ್ಲಿ 'ಡಿಯೋ ವೊಲೆಂಟೆ' ಎಂಬುದರ ಮೊದಲಕ್ಷರಗಳಿಂದ ಸೂಚಿಸುತ್ತಿದ್ದರು. ಆದರೆ ಆ ನುಡಿಗಟ್ಟಿಗಿಂತ ಅದೇ ಭಾಗದ ಕೊನೆಯ ವಚನವು ಹೆಚ್ಚು ಭಾರವಾದದ್ದು. ಮಾಡತಕ್ಕ ಒಳ್ಳೆಯದನ್ನು ತಿಳಿದೂ ಮಾಡದೆ ಬಿಡುವುದು ಪಾಪ ಎಂದು ಅದು ಹೇಳುತ್ತದೆ. ಕ್ರೈಸ್ತ ನೀತಿಶಾಸ್ತ್ರದಲ್ಲಿ 'ಲೋಪದ ಪಾಪ' ಎಂಬ ಕಲ್ಪನೆಗೆ ಇದು ಒಂದು ಮುಖ್ಯ ಆಧಾರ.

5ನೇ ಅಧ್ಯಾಯದ ಆರಂಭದಲ್ಲಿ ಧನಿಕ ಭೂಮಾಲೀಕರ ಮೇಲಿನ ಆರೋಪವು ಹಳೆಯ ಪ್ರವಾದಿಗಳ ಧಾಟಿಯಲ್ಲಿದೆ. ಹೊಲ ಕೊಯ್ದ ಆಳುಗಳಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ಮೊರೆಯಿಡುತ್ತಿದೆ ಎಂದು ಅಲ್ಲಿ ಹೇಳಿದೆ. ದಿನಗೂಲಿಯವನ ಸಂಬಳವನ್ನು ರಾತ್ರಿಯಿಡೀ ಇಟ್ಟುಕೊಳ್ಳಬಾರದೆಂದು ಯಾಜಕಕಾಂಡ 19:13ರಲ್ಲೂ, ಹೊತ್ತು ಮುಳುಗುವ ಮೊದಲೇ ಕೊಡಬೇಕೆಂದು ಧರ್ಮೋಪದೇಶಕಾಂಡ 24:15ರಲ್ಲೂ ವಿಧಿಸಿದೆ. ಅಂದಿನ ಕೂಲಿಯಿಂದಲೇ ಅಂದಿನ ಊಟ ಎಂಬ ಸ್ಥಿತಿಯಲ್ಲಿದ್ದವನಿಗೆ ಒಂದು ದಿನದ ತಡವೆಂದರೆ ಒಂದು ದಿನದ ಉಪವಾಸ. ಈ ಭಾಗವನ್ನು ಪರಲೋಕದ ತೀರ್ಪಿನ ಮಾತೆಂದಷ್ಟೇ ಓದಿ ಕೂಲಿಯ ವಿಷಯವನ್ನು ಹಾದುಹೋಗುವ ಪ್ರಸಂಗಗಳು ಕಡಿಮೆಯೇನಲ್ಲ. ಮೆಕ್ಸಿಕೊ ಮೂಲದ ಬೈಬಲ್ ವಿದ್ವಾಂಸೆ ಎಲ್ಸಾ ತಾಮೆಸ್ ಅವರು ಲ್ಯಾಟಿನ್ ಅಮೆರಿಕದ ಹಿನ್ನೆಲೆಯಲ್ಲಿ ಪತ್ರಿಕೆಯನ್ನು ವ್ಯಾಖ್ಯಾನಿಸುತ್ತ, ದಬ್ಬಾಳಿಕೆಯ ಆಡಳಿತವಿರುವ ದೇಶವೊಂದಕ್ಕೆ ಇಂದು ಇಂಥ ಕಾಗದ ಕಳುಹಿಸಿದರೆ ಭದ್ರತಾ ಅಧಿಕಾರಿಗಳು ದಾರಿಯಲ್ಲೇ ಅದನ್ನು ತಡೆಹಿಡಿಯಬಹುದು ಎಂಬರ್ಥದ ಮಾತನ್ನಾಡಿದ್ದಾರೆ.

ರೋಗಿಗಳು ಮತ್ತು ಪ್ರಾರ್ಥನೆ

ಅಸ್ವಸ್ಥನಾದವನು ಸಭೆಯ ಹಿರಿಯರನ್ನು ಕರೆಸಿಕೊಳ್ಳಲಿ, ಅವರು ಕರ್ತನ ಹೆಸರಿನಲ್ಲಿ ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎಂಬ 5:14-15ರ ಸೂಚನೆಯಿಂದ ಒಂದು ಸಂಸ್ಕಾರವೇ ಬೆಳೆದುಬಂದಿದೆ. ಕ್ಯಾಥೋಲಿಕ್ ಸಭೆಯಲ್ಲಿ ಇದು ಏಳು ಸಂಸ್ಕಾರಗಳಲ್ಲಿ ಒಂದು. ಮಧ್ಯಯುಗದಲ್ಲಿ ಇದು ಸಾಯುವವರಿಗೆ ಕೊಡುವ ಅಂತಿಮ ಅಭ್ಯಂಗವಾಗಿ ಮಾರ್ಪಟ್ಟು, ಪಾದ್ರಿ ಎಣ್ಣೆ ಹಿಡಿದು ಬಂದರೆ ಸಾವು ಬಂದಂತೆಯೇ ಎಂಬ ಭಯ ಜನರಲ್ಲಿ ಮೂಡಿತ್ತು. ಪತ್ರಿಕೆಯ ಮಾತಿನಲ್ಲಿ ಸಾವಿನ ಪ್ರಸ್ತಾಪವಿಲ್ಲ, ಎದ್ದು ನಿಲ್ಲುವ ಭರವಸೆಯಿದೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ 'ರೋಗಿಗಳ ಅಭ್ಯಂಗ' ಎಂಬ ಹೆಸರೇ ಹೆಚ್ಚು ಯೋಗ್ಯವೆಂದು ಸೂಚಿಸಿತು. 1972ರಲ್ಲಿ ಪೋಪ್ ಆರನೆಯ ಪೌಲ್ ಅವರು ವಿಧಿಯನ್ನು ಪರಿಷ್ಕರಿಸಿದರು. ಆರ್ಥೊಡಾಕ್ಸ್ ಸಭೆಗಳಲ್ಲಿ ಸಾಧ್ಯವಾದರೆ ಏಳು ಮಂದಿ ಯಾಜಕರು ಸೇರಿ ಇದನ್ನು ನೆರವೇರಿಸುತ್ತಾರೆ. ಪೆಂಟಕೋಸ್ಟಲ್ ಸಭೆಗಳಲ್ಲಿ ರೋಗಶಾಂತಿಯ ಪ್ರಾರ್ಥನೆಗೆ ಇದೇ ಆಧಾರವಚನ. ಆದರೆ ಪತ್ರಿಕೆಯು ಔಷಧವನ್ನು ಎಲ್ಲಿಯೂ ನಿಷೇಧಿಸಿಲ್ಲ. ಆಲಿವ್ ಎಣ್ಣೆಯು ಆ ಕಾಲದಲ್ಲಿ ಗಾಯಕ್ಕೂ ನೋವಿಗೂ ಹಚ್ಚುವ ಮನೆಮದ್ದಾಗಿತ್ತು. ಲೂಕನ ಸುವಾರ್ತೆಯ ದಯಾಳು ಸಮಾರ್ಯದವನು ಗಾಯಾಳುವಿಗೆ ಹಚ್ಚಿದ್ದೂ ಎಣ್ಣೆ ಮತ್ತು ದ್ರಾಕ್ಷಾರಸವನ್ನೇ.

ಆಣೆಯಿಡಬಾರದೆಂಬ 5:12ರ ಬೋಧನೆಯನ್ನು ಅಕ್ಷರಶಃ ಪಾಲಿಸಿದ ಮೆನೊನೈಟರೂ ಕ್ವೇಕರರೂ ನ್ಯಾಯಾಲಯಗಳಲ್ಲಿ ಪ್ರಮಾಣ ಮಾಡಲು ನಿರಾಕರಿಸಿ ಶಿಕ್ಷೆ ಅನುಭವಿಸಿದರು. ಪ್ರಮಾಣದ ಬದಲು ದೃಢೀಕರಣ ಹೇಳಿಕೆ ನೀಡುವ ಅವಕಾಶವು ಇಂಗ್ಲೆಂಡಿನ ಕಾನೂನಿನಲ್ಲಿ 17ನೇ ಶತಮಾನದ ಕೊನೆಗೆ ಬಂದದ್ದು ಕ್ವೇಕರರ ಈ ಹಟದಿಂದ.

ಅಂಗೀಕಾರದ ಇತಿಹಾಸ

ಈ ಪತ್ರಿಕೆಯು ಧರ್ಮಗ್ರಂಥಗಳ ಪಟ್ಟಿಯಲ್ಲಿ ಸ್ಥಾನ ಪಡೆದದ್ದು ನಿಧಾನವಾಗಿ. ಮುರಟೋರಿಯ ಪಟ್ಟಿಯಲ್ಲಿ ಇದರ ಹೆಸರಿಲ್ಲ. 3ನೇ ಶತಮಾನದಲ್ಲಿ ಓರಿಗೆನ್ ಇದನ್ನು ಉಲ್ಲೇಖಿಸಿದ್ದಾರೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಪಪೈರಸ್ ತುಣುಕುಗಳಲ್ಲಿ ಕೆಲವು ಇದೇ ಪತ್ರಿಕೆಯವು. 4ನೇ ಶತಮಾನದ ಆರಂಭದಲ್ಲಿ ಯೂಸೀಬಿಯಸ್ ಇದನ್ನು ಹೆಚ್ಚಿನವರಿಗೆ ಪರಿಚಿತವಾದರೂ ವಿವಾದಿತವಾದ ಗ್ರಂಥಗಳ ಸಾಲಿಗೆ ಸೇರಿಸಿದರು. ಅಲೆಕ್ಸಾಂಡ್ರಿಯದ ಅಥನೇಸಿಯಸ್ 367ರ ತಮ್ಮ ಪಾಸ್ಕ ಪತ್ರದಲ್ಲಿ ನೀಡಿದ 27 ಗ್ರಂಥಗಳ ಪಟ್ಟಿಯಲ್ಲಿ ಇದೂ ಇದೆ. 397ರ ಕಾರ್ಥೇಜ್ ಸಭೆಯು ಅದನ್ನೇ ಸಮರ್ಥಿಸಿತು. ಸಿರಿಯಾದ ಪೆಷಿತ್ತಾ ಅನುವಾದವು ಸಾಮಾನ್ಯ ಪತ್ರಿಕೆಗಳಲ್ಲಿ ಯಾಕೋಬ, 1 ಪೇತ್ರ ಮತ್ತು 1 ಯೋಹಾನಗಳನ್ನು ಮಾತ್ರ ಒಳಗೊಂಡಿತ್ತು.

ಲೂಥರ್ ಮತ್ತು ನಂತರ

ಮಾರ್ಟಿನ್ ಲೂಥರ್ ಅವರು 1522ರಲ್ಲಿ ಪ್ರಕಟಿಸಿದ ಜರ್ಮನ್ ಹೊಸ ಒಡಂಬಡಿಕೆಯ ಮುನ್ನುಡಿಯಲ್ಲಿ, ಪೌಲನ ಪತ್ರಿಕೆಗಳ ಹಾಗೂ ಯೋಹಾನನ ಸುವಾರ್ತೆಯ ಪಕ್ಕದಲ್ಲಿ ಯಾಕೋಬನ ಪತ್ರಿಕೆಯನ್ನು ಒಣಹುಲ್ಲಿಗೆ ಹೋಲಿಸಿದರು. ಇಬ್ರಿಯ, ಯಾಕೋಬ, ಯೂದ, ಪ್ರಕಟನೆ ಎಂಬ ನಾಲ್ಕನ್ನು ಗ್ರಂಥದ ಕೊನೆಗೆ ಸರಿಸಿ, ವಿಷಯಸೂಚಿಯಲ್ಲಿ ಅವುಗಳಿಗೆ ಸಂಖ್ಯೆ ಹಾಕದೆ ಬಿಟ್ಟರು. ಅದೇ ಅನುವಾದದಲ್ಲಿ ಅವರು ರೋಮ 3:28ಕ್ಕೆ ಮೂಲದಲ್ಲಿಲ್ಲದ 'ಮಾತ್ರ' ಎಂಬ ಪದವನ್ನು ಸೇರಿಸಿದ್ದರು. ಯಾಕೋಬ 2:24ರಲ್ಲಿ ಆ ಪದ ನಿಷೇಧದೊಂದಿಗೆ ಬಂದಿರುವುದು ಅವರ ಇಕ್ಕಟ್ಟನ್ನು ತೋರಿಸುತ್ತದೆ. ಈ ಪ್ರಸಂಗವನ್ನು ಹೇಳುವಾಗ ಎರಡು ಸಂಗತಿಗಳನ್ನು ಬಿಟ್ಟುಬಿಡುವುದು ಸಾಮಾನ್ಯ. ಲೂಥರ್ ಪತ್ರಿಕೆಯನ್ನು ಬೈಬಲ್‌ನಿಂದ ತೆಗೆದುಹಾಕಲಿಲ್ಲ. ದೇವರ ನಿಯಮವನ್ನು ಗಟ್ಟಿಯಾಗಿ ಸಾರುತ್ತದೆಂದು ಅದನ್ನು ಮೆಚ್ಚಿಯೂ ಬರೆದರು. ಒಣಹುಲ್ಲಿನ ಹೋಲಿಕೆಯು ನಂತರದ ಮುದ್ರಣಗಳಲ್ಲಿ ಕೈಬಿಟ್ಟುಹೋಯಿತು. ಇನ್ನೊಬ್ಬ ಸುಧಾರಕ ಜಾನ್ ಕ್ಯಾಲ್ವಿನ್ ಅವರು ಪತ್ರಿಕೆಗೆ ವ್ಯಾಖ್ಯಾನ ಬರೆದು, ಪೌಲನಿಗೂ ಯಾಕೋಬನಿಗೂ ವಿರೋಧವಿಲ್ಲವೆಂದು ತೋರಿಸಲು ಯತ್ನಿಸಿದರು. ಕ್ಯಾಥೋಲಿಕರ ಟ್ರೆಂಟ್ ಮಹಾಸಭೆಯು 1547ರ ತನ್ನ ನಿರ್ಣಯದಲ್ಲಿ ಇದೇ 2ನೇ ಅಧ್ಯಾಯವನ್ನು ಆಧಾರವಾಗಿ ಬಳಸಿತು. ಸುಮಾರು ನಾಲ್ಕೂವರೆ ಶತಮಾನಗಳ ಬಳಿಕ, 1999ರ ಅಕ್ಟೋಬರ್ 31ರಂದು ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಲೂಥರನ್ ವಿಶ್ವ ಒಕ್ಕೂಟವೂ ಕ್ಯಾಥೋಲಿಕ್ ಸಭೆಯೂ ಈ ಸಿದ್ಧಾಂತದ ಕುರಿತು ಜಂಟಿ ಘೋಷಣೆಗೆ ಸಹಿ ಹಾಕಿದವು. ರಕ್ಷಣೆಯು ಕೃಪೆಯಿಂದಲೇ, ಒಳ್ಳೆಯ ಕ್ರಿಯೆಗಳು ಅದರ ಫಲ ಎಂಬ ವಿಷಯದಲ್ಲಿ ಮೂಲಭೂತ ಸಹಮತವಿದೆಯೆಂದು ಅದು ಸಾರಿತು. ವಿಶ್ವ ಮೆಥಡಿಸ್ಟ್ ಪರಿಷತ್ತು 2006ರಲ್ಲಿ ಇದಕ್ಕೆ ಸೇರಿಕೊಂಡಿತು.

ಲೂಥರನ್ ಪರಂಪರೆಯ ಒಳಗಿನಿಂದಲೇ ಯಾಕೋಬನ ಪರವಾಗಿ ನಿಂತವರಲ್ಲಿ ಡೆನ್ಮಾರ್ಕಿನ ಚಿಂತಕ ಸೋರೆನ್ ಕೀರ್ಕೆಗಾರ್ಡ್ ಪ್ರಮುಖರು. 1851ರ 'ಆತ್ಮಪರೀಕ್ಷೆಗಾಗಿ' ಎಂಬ ಅವರ ಕೃತಿಯ ಮೊದಲ ಭಾಗವು ಯಾಕೋಬನ ಕನ್ನಡಿಯ ಹೋಲಿಕೆಯನ್ನೇ ವಿಸ್ತರಿಸುತ್ತದೆ. ಪ್ರೇಯಸಿಯಿಂದ ಪರಭಾಷೆಯಲ್ಲಿ ಪತ್ರ ಬಂದಾಗ ಪ್ರಿಯಕರನು ನಿಘಂಟು ಹಿಡಿದು ಅದನ್ನು ಬಿಡಿಸುತ್ತಾನೆ. ಆದರೆ ಆ ಶ್ರಮವನ್ನು ಅವನು ಓದು ಎಂದು ಕರೆಯುವುದಿಲ್ಲ. ಅದು ಮುಗಿದ ಮೇಲೆ ನಿಜವಾದ ಓದು ಆರಂಭವಾಗುತ್ತದೆ. ಪತ್ರದಲ್ಲಿ ಅವಳದೊಂದು ಇಚ್ಛೆ ಕಾಣಿಸಿದರೆ, ಉಳಿದ ಅಸ್ಪಷ್ಟ ಭಾಗಗಳನ್ನು ಬಿಡಿಸಲು ಕುಳಿತಿರದೆ ಅದನ್ನು ಪೂರೈಸಲು ಹೊರಡುತ್ತಾನೆ. ಬೈಬಲ್‌ನಲ್ಲಿ ಅರ್ಥವಾಗದ ಭಾಗಗಳಿವೆಯೆಂಬುದು ಅರ್ಥವಾದ ಭಾಗಗಳನ್ನು ಪಾಲಿಸದಿರಲು ನೆಪವಾಗಬಾರದೆಂಬುದು ಈ ದೃಷ್ಟಾಂತದ ತಿರುಳು. ಒಂದು ರಾಜಾಜ್ಞೆ ಹೊರಟಾಗ ಪ್ರಜೆಗಳೆಲ್ಲರೂ ಅದನ್ನು ಪಾಲಿಸುವ ಬದಲು ಅದರ ವ್ಯಾಖ್ಯಾನಕಾರರಾಗಿಬಿಟ್ಟ ಕಥೆಯನ್ನೂ ಅವರು ಅಲ್ಲಿ ಹೇಳುತ್ತಾರೆ. ಇದನ್ನು ಪಾಂಡಿತ್ಯದ ನಿರಾಕರಣೆಯೆಂದು ಭಾವಿಸಬೇಕಾಗಿಲ್ಲ. ನಿಘಂಟಿನ ಕೆಲಸ ಅಗತ್ಯವೆಂದು ಅವರು ಒಪ್ಪುತ್ತಾರೆ.

ಅಮೆರಿಕದ ಧಾರ್ಮಿಕ ಇತಿಹಾಸದಲ್ಲಿಯೂ ಪತ್ರಿಕೆಗೆ ಒಂದು ಅನಿರೀಕ್ಷಿತ ಸ್ಥಾನವಿದೆ. ವಿವೇಕ ಕಡಿಮೆಯಿದ್ದವನು ದೇವರನ್ನು ಕೇಳಿಕೊಳ್ಳಲಿ ಎಂಬ 1:5ನ್ನು ಓದಿ, 1820ರಲ್ಲಿ ತಾನು ಪ್ರಾರ್ಥನೆಗಾಗಿ ತೋಪಿಗೆ ಹೋದೆನೆಂದು ಮಾರ್ಮನ್ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ ಹೇಳಿಕೊಂಡಿದ್ದಾರೆ.

ಕನ್ನಡದಲ್ಲಿ

ಲಂಡನ್ ಮಿಷನ್ ಸೊಸೈಟಿಯ ಜಾನ್ ಹ್ಯಾಂಡ್ಸ್ ಅವರು ಬಳ್ಳಾರಿಯಲ್ಲಿ ನೆಲೆಸಿ, ವಿಲಿಯಂ ರೀವ್ ಮೊದಲಾದವರೊಡನೆ ಬೈಬಲ್ಲನ್ನು ಕನ್ನಡಕ್ಕೆ ತಂದರು. ಸಂಪೂರ್ಣ ಕನ್ನಡ ಬೈಬಲ್ 1831ರಲ್ಲಿ ಪೂರ್ಣಗೊಂಡಿತು. ಮುಂದೆ ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ ಮುಂತಾದವರು ಪರಿಷ್ಕರಣದಲ್ಲಿ ತೊಡಗಿದರು. ಯಾಕೋಬನ ಪತ್ರಿಕೆಯ ವಿಷಯದಲ್ಲಿ ಅನುವಾದಕರಿಗೆ ಎದುರಾಗುವ ಒಂದು ತೊಡಕು ಮೊದಲ ಅಧ್ಯಾಯದಲ್ಲೇ ಇದೆ. ಕಷ್ಟಕಾಲದ ಪರೀಕ್ಷೆಗೂ ಪಾಪದ ಪ್ರೇರಣೆಗೂ ಗ್ರೀಕಿನಲ್ಲಿ ಒಂದೇ ಪದಮೂಲವಿದೆ. ಪರೀಕ್ಷೆಗಳು ಬಂದಾಗ ಸಂತೋಷಪಡಿ ಎಂದು 2ನೇ ವಚನದಲ್ಲಿ ಹೇಳಿ, 13ನೇ ವಚನದಲ್ಲಿ ದೇವರು ಯಾರನ್ನೂ ಪ್ರೇರಿಸುವುದಿಲ್ಲ ಎನ್ನುವಾಗ ಯಾಕೋಬನು ಆ ಎರಡು ಅರ್ಥಗಳ ನಡುವೆ ಜಾರುತ್ತಾನೆ. ಹೊರಗಿನ ಕಷ್ಟವೇ ಒಳಗಿನ ದುರಾಶೆಗೆ ದಾರಿಯಾಗಬಹುದೆಂಬ ಸೂಚನೆ ಮೂಲದಲ್ಲಿ ಪದದ ಮೂಲಕವೇ ದೊರೆಯುತ್ತದೆ. ಕನ್ನಡದಲ್ಲಿ ಎರಡು ಬೇರೆ ಪದಗಳನ್ನು ಬಳಸಿದಾಗ ಅರ್ಥ ತಿಳಿಯಾಗುತ್ತದೆ, ಆದರೆ ಆ ನಂಟು ಕಾಣೆಯಾಗುತ್ತದೆ.

ಪ್ರಾಟೆಸ್ಟಂಟ್ ಬಳಕೆಯಲ್ಲಿ 'ನಂಬಿಕೆ' ಎಂದಿರುವ ಕಡೆ ಕ್ಯಾಥೋಲಿಕರು ಹೆಚ್ಚಾಗಿ 'ವಿಶ್ವಾಸ' ಎನ್ನುತ್ತಾರೆ. 'ನಂಬು' ಎಂಬ ಕನ್ನಡ ಧಾತುವಿಗೆ ಒಂದು ಸಂಗತಿಯನ್ನು ನಿಜವೆಂದು ಒಪ್ಪುವುದು, ಒಬ್ಬರನ್ನು ಆಶ್ರಯಿಸುವುದು ಎಂಬ ಎರಡೂ ಅರ್ಥಗಳಿವೆ. ಹೀಗಾಗಿ ದೆವ್ವಗಳ ನಂಬಿಕೆಗೂ ಅಬ್ರಹಾಮನ ನಂಬಿಕೆಗೂ ಇರುವ ಅಂತರವನ್ನು ಸಂದರ್ಭದಿಂದಲೇ ತಿಳಿದುಕೊಳ್ಳಬೇಕಾಗುತ್ತದೆ. ಗ್ರೀಕ್ ಮೂಲವನ್ನು ಓದುವವರ ಸ್ಥಿತಿಯೂ ಇದೇ.

ಆರಾಧನೆಯಲ್ಲಿ

ರೋಮನ್ ಕ್ಯಾಥೋಲಿಕ್ ವಾಚನಕ್ರಮದ ಮೂರು ವರ್ಷಗಳ ಆವರ್ತದಲ್ಲಿ 'ಬಿ' ವರ್ಷದ ಸಾಮಾನ್ಯ ಕಾಲದ 22ರಿಂದ 26ನೇ ಭಾನುವಾರಗಳವರೆಗೆ ಎರಡನೆಯ ವಾಚನವು ಈ ಪತ್ರಿಕೆಯಿಂದ ಇರುತ್ತದೆ. ಇದು ಸಾಮಾನ್ಯವಾಗಿ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗಿನ ಅವಧಿ. ಹಲವು ಪ್ರಾಟೆಸ್ಟಂಟ್ ಸಭೆಗಳು ಅನುಸರಿಸುವ ಪರಿಷ್ಕೃತ ಸಾಮಾನ್ಯ ವಾಚನಕ್ರಮದಲ್ಲಿಯೂ ಅದೇ ವರ್ಷದ ಅದೇ ವಾರಗಳಲ್ಲಿ ಈ ಪತ್ರಿಕೆಯ ಭಾಗಗಳನ್ನು ಓದಲಾಗುತ್ತದೆ.